ತೂತಿನ ದುಡ್ಡಿಗೆ ಲಕ್ಷ ರೂಪಾಯಿ? ಹುಷಾರ್!

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಹಳೇ ಮನೆಗಳ ಪೆಟ್ಟಿಗೆ ತಳ ಕೆದರಿದರೆ ನಡುವೆ ದೊಡ್ಡ ತೂತಿರುವ ಪೈಸೆಯೊಂದು ಸಿಕ್ಕರೂ ಸಿಕ್ಕೀತು. ಅಜ್ಜಂದಿರ ಬಾಯಲ್ಲಿ ಅದು ‘ತೂತಿನ ದುಡ್ಡು’. ಮಕ್ಕಳ ಉಡದಾರಕ್ಕೆ ಪೋಣಿಸಿದ್ದೂ ಉಂಟು. ಆದರೆ ಆ ತೂತು ಚೆಂದಕ್ಕೆ ಕೊರೆದದ್ದಲ್ಲ. ಅದು ಎರಡನೇ ಮಹಾಯುದ್ಧ ಕೊರೆದ ತೂತು!

ಯುದ್ಧ ಶುರುವಾದದ್ದೇ ತಡ, ಜನ ನೋಟು ಕೊಟ್ಟು ಬೆಳ್ಳಿ ರೂಪಾಯಿ ಬಚ್ಚಿಡತೊಡಗಿದರು. 1940ರಲ್ಲಿ ಸರಕಾರ ಒಂದು ರೂಪಾಯಿ ನೋಟನ್ನು ಚಲಾವಣೆಗೆ ಬಿಟ್ಟಿತು. ನಾಣ್ಯದೊಳಗಿನ ಬೆಳ್ಳಿಯನ್ನು ನೂರಕ್ಕೆ 50ಕ್ಕೆ ಇಳಿಸಿತು. ಮುಂದೆ ಚಿಲ್ಲರೆಗೂ ಬರಗಾಲ ಬಂತು. ಆಗ ರೂಪಾಯಿಗೆ 64 ಪೈಸೆ. 1943ರಲ್ಲಿ ಬಂದದ್ದೇ ಈ ತೂತಿನ ಪೈಸೆ. ಹತ್ತಿರ ಹತ್ತಿರ ಐದು ಗ್ರಾಂ ತೂಗುತ್ತಿದ್ದ ಪೈಸೆ ಸುಮಾರು ಎರಡು ಗ್ರಾಂಗೆ ಇಳಿಯಿತು. ಒಂದರ ಲೋಹದಲ್ಲಿ ಎರಡು ನಾಣ್ಯ! ರಾಜನ ಮುಖಕ್ಕೂ ಜಾಗವಿಲ್ಲ, ಕಿರೀಟ ಮಾತ್ರ ಉಳಿಯಿತು.

ಆಗ ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗಲಿ ಸಂಸ್ಥಾನದ್ದು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯದು. ಆಳುವವರು ಬೇರೆ ಬೇರೆ, ಚಿಲ್ಲರೆಯ ಪೇಚಾಟ ಮಾತ್ರ ಎಲ್ಲರಿಗೂ ಒಂದೇ. ಪೂರ್ವಕ್ಕೆ ರಾಯಚೂರು, ಕಲಬುರ್ಗಿಯನ್ನು ಆಳುತ್ತಿದ್ದ ನಿಜಾಮ ಸರಕಾರ ತನ್ನದೇ ತೂತಿನ ಎರಡು ಪೈ ನಾಣ್ಯ ಹೊಡೆಸಿತು. ದೂರದ ಮೋರ್ವಿ, ಪಾಲಿಟಾಣಾ, ಬಿಕಾನೇರದಂಥ ಸಂಸ್ಥಾನಗಳು ರಟ್ಟಿನ ಕೂಪನ್ನನ್ನೇ ಚಿಲ್ಲರೆ ಎಂದು ಹಂಚಿದವು!

ಈಗ ಅಸಲು ಮಾತು. ‘ತೂತಿನ ಪೈಸೆ ಕೊಡಿ, ಲಕ್ಷ ಎಣಿಸಿಕೊಳ್ಳಿ’ ಎಂಬ ಜಾಹೀರಾತು ಮೊಬೈಲಿನಲ್ಲಿ ಹರಿದಾಡುವುದುಂಟು. ಫೋನು ಮಾಡಿದರೆ ಮೊದಲು ಕೇಳುವುದು ನಾಣ್ಯವನ್ನಲ್ಲ, ಕಮಿಷನ್ನು, ತೆರಿಗೆ ಅಂತ ನಿಮ್ಮದೇ ರೊಕ್ಕ! ಇಂಥ ವ್ಯವಹಾರ ತಾನು ಮಾಡುವುದಿಲ್ಲ, ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಸಿದೆ. ಮೋಸಹೋದರೆ ತಡಮಾಡದೆ 1930ಕ್ಕೆ ಫೋನು ಮಾಡಬೇಕು.

1943ರಿಂದ 1947ರವರೆಗೆ ಈ ಪೈಸೆಗಳನ್ನು ಕೋಟಿಗಟ್ಟಲೆ ಹೊಡೆದಿದ್ದಾರೆ. ಸವೆದ ಒಂದು ಪೈಸೆಗೆ ಲಕ್ಷ ಎಲ್ಲಿಂದ ಬಂದೀತು? ಕೂಡಿಸುವ ಹವ್ಯಾಸವಿದ್ದರೆ ಇಸವಿವಾರು ಜೋಡಿಸಿ, ಒಣ ಜಾಗದಲ್ಲಿಡಿ. ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಹೊಳಪು ಬಂದಷ್ಟೂ ಬೆಲೆ ಇಳಿದೀತು. ಮನೆಯಲ್ಲಿ ಹಿರಿಯರಿದ್ದರೆ ಅದನ್ನು ಕೈಗಿಟ್ಟು ಕೇಳಿ. ಒಂದು ಪೈಸೆಗೆ ಆಗ ಏನೇನು ಬರುತ್ತಿತ್ತು ಎಂಬ ಲೆಕ್ಕ ಯಾವ ಜಾಹೀರಾತಿನಲ್ಲೂ ಸಿಗುವುದಿಲ್ಲ.