ಗೊಂಬೆ ಹಬ್ಬದ ಸಿಪಾಯಿ: ಮೈಸೂರು ಸೈನಿಕ ಉಡುಪಿನ ಆಕರಗಳು ಮತ್ತು ಬಣ್ಣದ ಪ್ರಶ್ನೆ

ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಪದ್ಧತಿಯನ್ನು ಕುರಿತ ಬರೆಹಗಳು ಸಾಮಾನ್ಯವಾಗಿ ಪಟ್ಟದ ಗೊಂಬೆಗಳ ಸುತ್ತಲೇ ನಿಲ್ಲುತ್ತವೆ. ರಕ್ತಚಂದನದ ಆ ರಾಜ-ರಾಣಿಯರ ಕೆಳಗಿನ ಹಂತಗಳಲ್ಲಿ ನಿಲ್ಲುವ ಸಿಪಾಯಿ, ಕುದುರೆ ಸವಾರ, ಬ್ಯಾಂಡಿನವರು, ಆನೆಯ ಮುಂದೆ ಸಾಗುವ ಈಟಿಗಾರರು ಅಧ್ಯಯನಕಾರರ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ತುಮಕೂರಿನ ಮರಳೂರು, ಅತ್ತ ಕುಣಿಗಲ್ಲು, ಇತ್ತ ಗುಬ್ಬಿ ಇವೆಲ್ಲ ಮೈಸೂರು ಸಂಸ್ಥಾನದ ಒಳಗಿದ್ದ ಊರುಗಳು. ಹೀಗಾಗಿ ಈ ಭಾಗದ ಮನೆಗಳ ಗೊಂಬೆಯ ಸಾಲಿಗೂ ಅರಮನೆಯ ಜಂಬೂಸವಾರಿಯೇ ಮಾದರಿ. ಈ ಸಾಲಿನ ಸಿಪಾಯಿ ಯಾವ ಪಡೆಯವನು, ಅವನ ಅಂಗಿಯ ಬಣ್ಣಕ್ಕೆ ಆಧಾರವೇನು ಎಂಬ ಪ್ರಶ್ನೆ ಈಚೆಗೆ ಎರಡು ಕಡೆಯಿಂದ ಎದುರಾಗುತ್ತಿದೆ. ಚರಿತ್ರೆಗೆ ನಿಷ್ಠವಾದ ಸೈನಿಕ ಗೊಂಬೆಯನ್ನು ಹೊಸದಾಗಿ ಮಾಡಿ ಬಣ್ಣ ಹಾಕಬಯಸುವವರದು ಒಂದು. ಮನೆಯಲ್ಲಿ ಮಾಸಿಹೋದ ಹಳೆಯ ಸಿಪಾಯಿಗೆ ಮತ್ತೆ ಬಣ್ಣ ಕೊಡಿಸಬಯಸುವವರದು ಇನ್ನೊಂದು. ಇವೆರಡಕ್ಕೂ ಒಂದೇ ಉತ್ತರ ಸಲ್ಲದು.

ಯುರೋಪಿನಲ್ಲಿ ಪುಟ್ಟ ಸೈನಿಕ ಗೊಂಬೆಗಳು ಉದ್ಯಮವಾಗಿಯೇ ಬೆಳೆದವು. ಲಂಡನ್ನಿನ ಬ್ರಿಟನ್ ಎಂಬವರ ಸಂಸ್ಥೆ 1893ರಲ್ಲಿ ಒಳಟೊಳ್ಳಾದ ಸೀಸದ ಸಿಪಾಯಿಗಳನ್ನು ಎರಕ ಹೊಯ್ಯತೊಡಗಿತು. ಅಲ್ಲಿ ಬಣ್ಣ ಹಾಕುವವನ ನೆರವಿಗೆ ರೆಜಿಮೆಂಟುಗಳ ಉಡುಪಿನ ನಿಯಮಾವಳಿಗಳೂ ಮುದ್ರಿತ ಚಿತ್ರಸಂಪುಟಗಳೂ ಇದ್ದವು. ಮೈಸೂರಿನ ಸೈನಿಕನಿಗೆ ಬಣ್ಣ ಹಾಕುವವನಾದರೋ ಭಿತ್ತಿಚಿತ್ರ, ಶತ್ರುಪಕ್ಷದವರ ಬರೆಹ, ಛಾಯಾಚಿತ್ರ, ರಂಗಭೂಮಿಯ ನೆನಪು ಇವುಗಳನ್ನು ಒಂದರ ಪಕ್ಕ ಒಂದಿಟ್ಟು ತೂಗಬೇಕಾಗುತ್ತದೆ. ಒಂದೊಂದು ಆಕರಕ್ಕೂ ಅದರದೇ ಆದ ಕುರುಡು ಇದೆ.

ವೀರಗಲ್ಲುಗಳ ಮಟ್ಟಿಗೆ ಈ ಮಾತು ಬಹು ಸ್ಪಷ್ಟ. ಇಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಗಂಗರ ಕಾಲದ ಕಲ್ಲಿನಲ್ಲಿ ಆನೆ, ಕುದುರೆ, ಬಿಲ್ಲಾಳುಗಳಿಂದ ಕೂಡಿದ ಇಡೀ ಕಾಳಗವೇ ಮೂಡಿದೆ. ಮುಡಿಯ ಕಟ್ಟು, ನಡುವಿನ ಬಿಗಿ, ಆಯುಧವನ್ನು ಹಿಡಿಯುವ ಬಗೆ ಇವನ್ನು ತಿಳಿಯಲು ಅದಕ್ಕಿಂತ ಒಳ್ಳೆಯ ಸಾಕ್ಷಿ ದೊರೆಯುವುದು ಕಷ್ಟ. ಬಣ್ಣದ ವಿಷಯದಲ್ಲಿ ಮಾತ್ರ ಅದು ಮೂಕ. ದೆಹಲಿಯ ತೀನ್ ಮೂರ್ತಿಯ ಕಂಚಿನ ಯೋಧರದೂ ಇದೇ ಕಥೆ. ಮೈಸೂರು, ಹೈದರಾಬಾದು, ಜೋಧಪುರಗಳ ಅಶ್ವದಳವನ್ನು ಪ್ರತಿನಿಧಿಸುವ ಆ ಮೂವರ ನಿಲುವನ್ನು ಗೊಂಬೆಗೆ ಇಳಿಸಬಹುದು, ಬಣ್ಣವನ್ನು ಬೇರೆಲ್ಲಿಂದಲೋ ತರಬೇಕು.

ಬಣ್ಣದ ಪ್ರಶ್ನೆ ಅತ್ಯಂತ ತೀವ್ರವಾಗುವುದು ಟಿಪ್ಪುಸುಲ್ತಾನನ ಪದಾತಿಯ ವಿಷಯದಲ್ಲಿ. 'ಹುಲಿ ಉಡುಪು' ಎಂದೊಡನೆ ಹಳದಿಯ ಮೇಲೆ ಕಪ್ಪು ಪಟ್ಟೆ ಎಳೆಯುವುದು ಇಂದಿನ ರೂಢಿ. ಹುಲಿವೇಷ ಕಂಡ ನಾಡಿನಲ್ಲಿ ಈ ಊಹೆ ಸಹಜವೇ ಸರಿ, ಆದರೆ ಅದು ತಪ್ಪು. ಮೂರನೆಯ ಮೈಸೂರು ಯುದ್ಧದ ಕಾಲದ ಇಂಗ್ಲಿಷರ ವರ್ಣನೆಗಳಲ್ಲಿ ಕಾಣುವುದು ನೇರಳೆ ಬಣ್ಣದ ಅಂಗಿ. ಅದರ ಮೇಲೆ ಬಿಳಿಯ ಮಚ್ಚೆಗಳು. ತಲೆಗೆ ಕೆಂಪು ರುಮಾಲು, ನಡುವಿಗೆ ಅದೇ ಬಣ್ಣದ ಕಟ್ಟು. ಬಬ್ರಿ ಎಂದು ಕರೆಯಲಾಗುವ ಈ ಮಚ್ಚೆ ಹುಲಿಯ ಮೈಗೆರೆಯನ್ನು ಸೂಚಿಸುವ ಚಿಹ್ನೆಯೇ ಹೊರತು ಹುಲಿಯ ಚರ್ಮದ ನಕಲಲ್ಲ. ಟಿಪ್ಪುವಿನ ಬಂದೂಕು, ಫಿರಂಗಿ, ಕತ್ತಿಗಳ ಮೇಲೂ ಇದೇ ಗುರುತು ಇದೆ. ಗೊಂಬೆಗೆ ಬಣ್ಣ ಹಾಕುವವರು ಅಂಗಿಯ ಮಚ್ಚೆಯ ಆಕಾರವನ್ನು ಈ ಆಯುಧಗಳ ಗುರುತಿನೊಡನೆ ಹೋಲಿಸಿ ನೋಡುವುದು ಒಳ್ಳೆಯದು. 1791-92ರ ದಂಡಯಾತ್ರೆಯಲ್ಲಿ ಕಾರ್ನ್‌ವಾಲಿಸನ ಸೇನೆಯೊಂದಿಗೆ ಬಂದ ಚಿತ್ರಕಾರ ರಾಬರ್ಟ್ ಹೋಮ್, ಫಿರಂಗಿದಳದ ಅಧಿಕಾರಿ ಚಾರ್ಲ್ಸ್ ಗೋಲ್ಡ್ ಇವರಿಬ್ಬರೂ ಟಿಪ್ಪುವಿನ ಸೈನಿಕರನ್ನು ಚಿತ್ರಿಸಿದ್ದಾರೆ. ಗೋಲ್ಡನ ಚಿತ್ರಗಳು 1806ರಲ್ಲಿ ಪುಸ್ತಕರೂಪದಲ್ಲಿ ಹೊರಬಂದವು. ಇವರು ಎದುರುಪಕ್ಷದವರು. ಟಿಪ್ಪುವಿನ ಗುಣಸ್ವಭಾವದ ಬಗ್ಗೆ ಇಂಥವರ ಮಾತನ್ನು ಎಚ್ಚರದಿಂದ ಓದಬೇಕು. ಅಂಗಿಯ ಬಣ್ಣದ ಬಗ್ಗೆ ಸುಳ್ಳು ಹೇಳಲು ಅವರಿಗೆ ಕಾರಣವಿರಲಿಲ್ಲ.

ನಮ್ಮ ಕಡೆಯ ದೊಡ್ಡ ಸಾಕ್ಷಿ ಶ್ರೀರಂಗಪಟ್ಟಣದ ದರಿಯಾ ದೌಲತ್. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ದಳ ಸೋತ ಪ್ರಸಂಗ ಅದರ ಪಶ್ಚಿಮದ ಗೋಡೆಯ ಮೇಲಿದೆ. ಪಲ್ಲಕ್ಕಿಯಲ್ಲಿ ಕುಳಿತ ಬೈಲಿ, ಅವನ ಸುತ್ತ ಕೋಟೆ ಕಟ್ಟಿ ನಿಂತ ಕೆಂಪು ಅಂಗಿಯವರು, ಸಿಡಿಯುತ್ತಿರುವ ಮದ್ದಿನ ಬಂಡಿ, ಸಾಲುಸಾಲಾಗಿ ನುಗ್ಗುವ ಮೈಸೂರು ಸವಾರರು ಇವೆಲ್ಲ ಅಲ್ಲಿವೆ. ಗೊಂಬೆಗಾರನಿಗೆ ಇದೊಂದು ಭಂಡಾರ. ಆದರೆ ಈ ಚಿತ್ರಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಮರುಬಣ್ಣ ಬಿದ್ದಿದೆ. ವೆಲ್ಲೆಸ್ಲಿ ಆ ಅರಮನೆಯಲ್ಲಿ ವಾಸವಿದ್ದ ಕಾಲದಲ್ಲಿ ಒಮ್ಮೆ, ಡಾಲ್‌ಹೌಸಿಯ ಆಜ್ಞೆಯಂತೆ 1855ರಲ್ಲಿ ಇನ್ನೊಮ್ಮೆ ಅದನ್ನು ಸರಿಪಡಿಸಲಾಯಿತು. ಆದ್ದರಿಂದ ಸೇನೆಯ ವ್ಯೂಹ, ಪಡೆಗಳ ಸ್ಥಾನ, ವಾಹನಗಳ ಬಗೆ ಇವುಗಳಿಗೆ ಗೋಡೆಯನ್ನು ನೆಚ್ಚಬಹುದು. ಒಬ್ಬ ಸವಾರನ ಅಂಗಿಯ ಇಂದಿನ ಬಣ್ಣ 1784ರದೋ 1855ರದೋ ಎಂಬುದನ್ನು ಗೋಡೆಯೊಂದೇ ತೀರ್ಮಾನಿಸಲಾರದು. ಇದೇ ಯುದ್ಧದ ಚಿತ್ರದ ಕಾಗದದ ಪ್ರತಿಯೊಂದು 2022ರಲ್ಲಿ ಲಂಡನ್ನಿನಲ್ಲಿ ಹರಾಜಾದುದು ಈ ದೃಷ್ಟಿಯಿಂದ ಗಮನಾರ್ಹ. ಗೋಡೆಗೂ ಕಾಗದಕ್ಕೂ ಹೊಂದುವ ಬಣ್ಣವನ್ನು ಹೆಚ್ಚು ಧೈರ್ಯದಿಂದ ಬಳಸಬಹುದು.

ತುಮಕೂರಿನಿಂದ ಶಿರಾಕ್ಕೆ ಹೋಗುವ ಹಾದಿಯಲ್ಲಿರುವ ಸೀಬಿಯ ನರಸಿಂಹಸ್ವಾಮಿ ದೇವಾಲಯವನ್ನು ಇಲ್ಲಿ ಹೆಸರಿಸಲೇಬೇಕು. ಹೈದರ್-ಟಿಪ್ಪು ಕಾಲದ ಆಡಳಿತದಲ್ಲಿದ್ದ ಕಚೇರಿ ಕೃಷ್ಣಪ್ಪನ ಮನೆತನ ಕಟ್ಟಿಸಿದ ಈ ಗುಡಿಯ ಮಾಳಿಗೆಯ ಚಿತ್ರಗಳಲ್ಲಿ ಪುರಾಣದ ಜೊತೆಗೆ ದರ್ಬಾರಿನ ದೃಶ್ಯಗಳೂ ಇವೆ. ಮರಳೂರಿನವರು ಶ್ರೀರಂಗಪಟ್ಟಣಕ್ಕೆ ಹೋಗುವ ಮೊದಲು ಇಲ್ಲಿ ತಲೆಯೆತ್ತಿ ನೋಡುವುದು ಲೇಸು.

1799ರ ನಂತರದ ಕಾಲಕ್ಕೆ ಬಂದರೆ ತೊಡಕಿನ ಸ್ವರೂಪವೇ ಬದಲಾಗುತ್ತದೆ. 1807ರ ಪೂರಕ ಒಪ್ಪಂದದಂತೆ ಮೈಸೂರು 4000 ಕುದುರೆ ಸವಾರರನ್ನು ಸಿದ್ಧವಾಗಿಡಬೇಕಾಗಿತ್ತು. ಇವರು ಸಿಲೇದಾರರು, ಅಂದರೆ ಸ್ವಂತ ಕುದುರೆ, ಸ್ವಂತ ಆಯುಧದೊಡನೆ ಸೇವೆಗೆ ಬಂದವರು. ಹತ್ತು ಸಿಲೇದಾರರಿಗೆ ಒಂದೇ ಕುಂಚದಿಂದ ಒಂದೇ ಬಣ್ಣದ ಕುದುರೆ ಕೊಟ್ಟರೆ ಗೊಂಬೆಯ ಸಾಲು ಚೆಂದ ಕಾಣುತ್ತದೆ, ಚರಿತ್ರೆ ಕೆಡುತ್ತದೆ.

ಗೊಂಬೆ ಹಬ್ಬದ ಸಿಪಾಯಿಗೆ ನೇರ ಮಾದರಿ ಒದಗಿದ್ದು ಇದಕ್ಕೂ ಈಚಿನ ಕಾಲದಲ್ಲಿ, ದಸರಾ ಮೆರವಣಿಗೆಯಲ್ಲಿ. ಮೈಸೂರು ಅರಮನೆಯ ಕಲ್ಯಾಣಮಂಟಪದ ಸುತ್ತ ಆಸ್ಥಾನದ ಕಲಾವಿದರು 1934ರಿಂದ 1945ರ ನಡುವೆ ರಚಿಸಿದ 26 ಚಿತ್ರಗಳು ಇದಕ್ಕೆ ಅತ್ಯುತ್ತಮ ಆಕರ. ಛಾಯಾಚಿತ್ರಗಳನ್ನು ಆಧರಿಸಿದ್ದರಿಂದ ಆಕಾರ ನಿಖರವಾಗಿದೆ. ಆ ಕಾಲದ ಕಪ್ಪುಬಿಳುಪು ಛಾಯಾಚಿತ್ರ ಕೊಡಲಾರದ ಬಣ್ಣವನ್ನು ಮೆರವಣಿಗೆಯನ್ನು ಕಣ್ಣಾರೆ ಕಂಡ ಕಲಾವಿದರೇ ತುಂಬಿದ್ದಾರೆ. ಇದು ಮೆರವಣಿಗೆಯ ಉಡುಪು ಎಂಬುದನ್ನು ಮಾತ್ರ ಮರೆಯಬಾರದು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದವರೊಡನೆ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ದಳ ಖಾಕಿಯಲ್ಲಿತ್ತು. ಜಂಬೂಸವಾರಿಯ ಬೆಡಗನ್ನು ಹೈಫಾದ ಗೊಂಬೆಗೆ ತೊಡಿಸುವುದು ಸಲ್ಲ.

ಮನೆಯ ಗೊಂಬೆಯ ವಿಚಾರ ಇದಕ್ಕಿಂತ ಭಿನ್ನ. ಅದರ ಉಡುಪನ್ನು ರೂಪಿಸಿದ್ದು ಸೈನ್ಯದ ನಿಯಮಕ್ಕಿಂತ ಹೆಚ್ಚಾಗಿ ಕಸುಬಿನ ಕಟ್ಟು ಮತ್ತು ಜನರ ಕಣ್ಣು. ಚನ್ನಪಟ್ಟಣದ ಹಾಲೆಮರದ ಸಿಪಾಯಿ ಚರಕಿಯಲ್ಲಿ ತಿರುಗುತ್ತಿರುವಾಗಲೇ ಅರಗಿನ ಕಡ್ಡಿಯನ್ನು ಒತ್ತಿ ಬಣ್ಣ ಕೂಡಿಸುತ್ತಾರೆ. ಆದಕಾರಣ ಬಣ್ಣವೆಲ್ಲ ಬಳೆಬಳೆಯಾಗಿ ಬರುತ್ತದೆ. ಟೋಪಿ ಒಂದು ಬಳೆ, ಕಾಲರು ಒಂದು, ನಡುಪಟ್ಟಿ ಇನ್ನೊಂದು. ಎದೆಯ ಮೇಲೆ ಅಡ್ಡ ಹಾಯುವ ಪಟ್ಟಿ ಬೇಕೆಂದರೆ ಆಮೇಲೆ ಕುಂಚದಿಂದ ಎಳೆಯಬೇಕು, ಬಹುಪಾಲು ಅದನ್ನು ಬಿಟ್ಟೇಬಿಡುತ್ತಾರೆ. ಕಿನ್ನಾಳದ ಚಿತ್ರಗಾರರು ಹಗುರ ಮರಕ್ಕೆ ಹುಣಿಸೆಬೀಜದ ಸರಿಯಿಂದ ಮೈ ಕಟ್ಟಿ ಬಣ್ಣ ಬಳಿಯುವುದರಿಂದ ಅಲ್ಲಿ ನೆರಿಗೆ, ಗುಂಡಿ, ಮೀಸೆಗಳಿಗೆ ಅವಕಾಶ ಹೆಚ್ಚು. ಜನರ ಕಣ್ಣಿಗೆ ಬಂದರೆ, ಮೈಸೂರಿನ ಮೆರವಣಿಗೆಯನ್ನು ಕಾಣದವರೂ ಸೈನಿಕನನ್ನು ನಾಟಕದಲ್ಲಿ ಕಂಡಿದ್ದರು. 1884ರಲ್ಲಿ ಹುಟ್ಟಿ ಗುಬ್ಬಿ ವೀರಣ್ಣನವರ ಕೈಯಲ್ಲಿ ಬೆಳೆದ ಗುಬ್ಬಿ ಕಂಪನಿ ರಂಗದ ಮೇಲೆ ಆನೆ ಕುದುರೆಗಳನ್ನೇ ತಂದಿತ್ತು. ಮಕಮಲ್ಲಿನ ಅಂಗಿ, ಜರಿಯ ಅಂಚು ತೊಟ್ಟ ಗೊಂಬೆ ಸಿಪಾಯಿಯಲ್ಲಿ ಅರಮನೆಯಷ್ಟೇ ಕಂಪನಿ ನಾಟಕವೂ ಬೆರೆತಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು.

ಹೀಗಿರುವಾಗ ಅಜ್ಜಿಯ ಕಾಲದ ಕೆಂಪಂಗಿಯ ಸಿಪಾಯಿಯನ್ನು 'ಸರಿಪಡಿಸಿ' ನೇರಳೆ ಅಂಗಿ ತೊಡಿಸುವುದು ತಿದ್ದುಪಡಿಯಲ್ಲ, ಸಾಕ್ಷಿನಾಶ. ದರಿಯಾ ದೌಲತ್ತಿನ ಗೋಡೆಗೆ ಆದದ್ದೇ ಮನೆಯ ಗೊಂಬೆಗೂ ಆಗುತ್ತದೆ. ಹಬ್ಬಕ್ಕೆ ಮುನ್ನ ಎನಾಮಲ್ ಬಣ್ಣ ಬಳಿದು ಹೊಸದು ಮಾಡುವ ರೂಢಿಯಿಂದ ಎಷ್ಟೋ ಗೊಂಬೆಗಳ ಮೊದಲ ಉಡುಪು ಈಗಾಗಲೇ ಮುಚ್ಚಿಹೋಗಿದೆ. ಅಂಥ ಗೊಂಬೆಯನ್ನು ನೋಡುವವರು ಪೀಠದ ತಳ, ಕಂಕುಳ ಸಂದು, ಕುದುರೆಗೂ ಸವಾರನಿಗೂ ನಡುವಿನ ಎಡೆ ಇಲ್ಲೆಲ್ಲ ಹಳೆಯ ಬಣ್ಣದ ಉಳಿಕೆಯನ್ನು ಹುಡುಕಬೇಕು. ಕೆರೆದು ನೋಡಬಾರದು. ಸರಿ ಬಳಿದ ಗೊಂಬೆಯನ್ನು ನೀರಿನಿಂದ ತೊಳೆಯಲೇಬಾರದು. ಎಲ್ಲ ಮಗ್ಗುಲಿನಿಂದ ಛಾಯಾಚಿತ್ರ ತೆಗೆದು, ಯಾವ ಊರಿನಿಂದ, ಯಾರ ತವರಿನಿಂದ ಬಂದದ್ದು, ಯಾವಾಗ ಬಣ್ಣ ಹಾಕಿಸಿದ್ದು ಎಂಬುದನ್ನು ಮನೆಯ ಹೆಂಗಸರಿಂದ ಕೇಳಿ ಬರೆದಿಡಬೇಕು. ಗೊಂಬೆಗಳು ಹೆಚ್ಚಾಗಿ ಮದುವೆಯ ಜೊತೆಗೇ ಊರಿಂದೂರಿಗೆ ಹೋಗುವುದರಿಂದ ಈ ಮಾಹಿತಿ ಅವರಲ್ಲಿಯೇ ಇರುತ್ತದೆ. ನೇರಳೆ ಅಂಗಿಯ, ಬಿಳಿ ಬಬ್ರಿಯ ಸಿಪಾಯಿ ಬೇಕೆಂದರೆ ಹೊಸ ಮರದಲ್ಲಿ ಮಾಡಿಸಿ ಹಳೆಯವನ ಪಕ್ಕದಲ್ಲಿ ನಿಲ್ಲಿಸಬಹುದು. ಹಂತದಲ್ಲಿ ಇಬ್ಬರಿಗೂ ಜಾಗವಿದೆ.