ಜಪಾನಿನಲ್ಲಿ ದುಡಿದು ಫೀ ತುಂಬುವ ಲೆಕ್ಕ

"ಹುಡುಗ ಅಲ್ಲೇ ದುಡದು ಫೀ ತುಂಬತಾನ್ರೀ, ನಮಗ ಮೊದಲಿನ ರೊಕ್ಕದ್ದಷ್ಟ ಚಿಂತಿ." ಸೊಲ್ಲಾಪುರ, ಅಕ್ಕಲಕೋಟೆ ಕಡೆ ಜಪಾನಿನ ಭಾಷಾ ಶಾಲೆಯ ಮಾತು ಬಂದಲ್ಲೆಲ್ಲ ಈ ಮಾತೂ ಬರುತ್ತದೆ. ಹೇಳಿಕೊಟ್ಟವನು ಏಜೆಂಟ. ನಂಬಿದವರು ಹೊಲದ ಮೇಲೆ ಸಾಲ ತೆಗೆಯುತ್ತಾರೆ. ಒಂದು ಹಾಳೆಯ ಮೇಲೆ ಕೂಡಿಸಿ ಕಳೆದರೆ ಸುಳ್ಳೆಂದು ತಿಳಿಯುವ ಮಾತಿದು. ಯಾರೂ ಕೂಡಿಸುವುದಿಲ್ಲವಲ್ಲ ಎಂಬುದೇ ನನ್ನ ಸಿಟ್ಟು.

ಕೂಡಿಸಿ ನೋಡೋಣ. ವಿದ್ಯಾರ್ಥಿ ವೀಸಾದೊಂದಿಗೆ ದುಡಿಯುವ ಹಕ್ಕು ತಾನಾಗಿ ಬರುವುದಿಲ್ಲ, ಬೇರೆ ಅನುಮತಿ ಪಡೆಯಬೇಕು. ಪಡೆದ ಮೇಲೂ ಎಷ್ಟು ಕಡೆ ದುಡಿದರೂ ಒಟ್ಟು ವಾರಕ್ಕೆ 28 ಗಂಟೆ. ಶಾಲೆಯ ದೊಡ್ಡ ರಜೆಯಲ್ಲಿ ಮಾತ್ರ ದಿನಕ್ಕೆ 8 ಗಂಟೆ. 2024ರ ಅಕ್ಟೋಬರಿನಲ್ಲಿ ನಿಗದಿಯಾದ ಟೋಕಿಯೊದ ಕನಿಷ್ಠ ಕೂಲಿ ಗಂಟೆಗೆ 1163 ಯೆನ್ ಆಗಿತ್ತು. ಆ ದರದಲ್ಲಿ ತಿಂಗಳಿಗೆ ಸುಮಾರು 1 ಲಕ್ಷ 40 ಸಾವಿರ ಯೆನ್ ಆಯಿತು. ಬಾಡಿಗೆ, ಊಟ, ಆರೋಗ್ಯ ವಿಮೆ, ರೈಲು ಎಂದು ಅದರಲ್ಲಿ ಒಂದು ಲಕ್ಷ ಸಹಜವಾಗಿ ಹೋಗುತ್ತದೆ. ಉಳಿದ 40 ಸಾವಿರವನ್ನು ವರ್ಷಪೂರ್ತಿ ಕೂಡಿಟ್ಟರೂ 5 ಲಕ್ಷ ಮುಟ್ಟದು. ಭಾಷಾ ಶಾಲೆಯ ವರ್ಷದ ಫೀ 7ರಿಂದ 8 ಲಕ್ಷ ಯೆನ್ ಆಸುಪಾಸು. ಇದೂ ಮೊದಲ ದಿನದಿಂದಲೇ ಕೆಲಸ ಸಿಕ್ಕಿತೆಂದು ಹಿಡಿದ ಲೆಕ್ಕ. ಭಾಷೆ ಬಾರದವನಿಗೆ ಮೊದಲ ತಿಂಗಳುಗಳಲ್ಲಿ ಕೆಲಸ ಯಾರು ಕೊಡುತ್ತಾರೆ?

ಕೊರತೆ ತುಂಬಲು ಹುಡುಗರು 28 ಗಂಟೆ ದಾಟುತ್ತಾರೆ. ಅದು ವಲಸೆ ಇಲಾಖೆಯ ಕಣ್ಣಿಗೆ ಬಿದ್ದರೆ ವೀಸಾ ನವೀಕರಣವಾಗುವುದಿಲ್ಲ, ಮನೆಗೆ ಮರಳಬೇಕು. ಖರ್ಚನ್ನು ಪೋಷಕರೇ ಭರಿಸುತ್ತಾರೆಂದು ದಾಖಲೆ ತೋರಿಸಿದ ಮೇಲೆ ತಾನೆ ವೀಸಾ ಕೊಟ್ಟದ್ದು? ಹಾಗಾದರೆ ದುಡಿದು ತುಂಬುತ್ತಾನೆ ಎನ್ನುವ ಏಜೆಂಟ ಅದೇ ಅರ್ಜಿಯಲ್ಲಿ ಬರೆದದ್ದು ಏನು? ಇದನ್ನು ಕೇಳುವ ತಂದೆ ಬೇಕು.

ರಾತ್ರಿ ಕಾರ್ಖಾನೆಯಲ್ಲಿ ಡಬ್ಬಿ ತುಂಬಿ ಬೆಳಗ್ಗೆ ತರಗತಿಯಲ್ಲಿ ತೂಕಡಿಸುವವನಿಗೆ ಭಾಷೆ ಬರುವುದೂ ಇಲ್ಲ. ಅಲ್ಲಿ ಹೋದರೆ ಕಿವಿಗೆ ಬಿದ್ದು ಬರುತ್ತದೆ ಎನ್ನುವರು. ಸೊಲ್ಲಾಪುರದಲ್ಲೇ ಹುಟ್ಟಿದ ಡಾ. ದ್ವಾರಕಾನಾಥ ಕೊಟ್ನಿಸ್ 1938ರಲ್ಲಿ ಚೀನಾಕ್ಕೆ ಹೋಗಿ ಚೀನೀ ಭಾಷೆ ಕಲಿತರು ನಿಜ. ಅವರ ರೋಗಿಗಳು, ಜೊತೆಗಾರರು ದಿನವಿಡೀ ಮಾತಾಡುತ್ತಿದ್ದದ್ದು ಅದನ್ನೇ. ಪರದೇಶದ ಹುಡುಗರ ನಡುವೆ ಬಾಯಿ ಮುಚ್ಚಿ ದುಡಿಯುವವನಿಗೆ ಆ ಅವಕಾಶವೆಲ್ಲಿ?

ಇನ್ನುಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಶಾಲೆಯ ಸರ್ಟಿಫಿಕೇಟ್ ತೋರಿಸಿದರೆ ಕಂಪನಿ ನೌಕರಿ ಸಿಗುತ್ತದೆ ಎನ್ನುವುದು ಸುಳ್ಳು. ಎಂಜಿನಿಯರ್, ಅನುವಾದಕ ಬಗೆಯ ವೀಸಾಕ್ಕೆ ಸಾಮಾನ್ಯವಾಗಿ ಪದವಿ ಬೇಕು, ಹನ್ನೆರಡನೆಯ ತರಗತಿ ಮುಗಿಸಿ ಎರಡು ವರ್ಷ ಭಾಷೆ ಕಲಿತದ್ದು ಸಾಲದು. ಜಪಾನಿ ಬೇಗ ಬರುತ್ತದೆ ಎನ್ನುವವರಿದ್ದಾರೆ. ಅದರ ವಾಕ್ಯದ ಜೋಡಣೆ ಕನ್ನಡದಂತೆಯೇ ಇರುವುದು ನಿಜ, ಆದರೆ ನಿತ್ಯಬಳಕೆಯ ಕಾಂಜಿ ಅಕ್ಷರಗಳು 2136, ಅವು ಆರು ತಿಂಗಳಿಗೆ ಬಗ್ಗುವುದಿಲ್ಲ. ಜಪಾನಿ ಭಾಷಾ ಪರೀಕ್ಷೆಯ ಅತಿ ಮೇಲಿನ ಮಟ್ಟವಾದ ಎನ್1 ಪಾಸಾದವರೆಲ್ಲ ಮಾತಾಡಬಲ್ಲರು ಎನ್ನುವಂತಿಲ್ಲ, ಆ ಪರೀಕ್ಷೆಯಲ್ಲಿ ಮಾತಿನ ಭಾಗವೇ ಇಲ್ಲ.

ದುಡಿಯುವುದೇ ಉದ್ದೇಶವಾದರೆ ಭಾಷಾ ಶಾಲೆಯ ದಾರಿ ಯಾಕೆ? 2019ರಲ್ಲಿ ಜಪಾನ್ ವಿಶಿಷ್ಟ ಕೌಶಲದ ಕೆಲಸಗಾರರ ವೀಸಾ ತೆರೆಯಿತು, 2021ರ ಜನವರಿಯಲ್ಲಿ ಭಾರತದೊಂದಿಗೆ ಒಪ್ಪಂದವಾಯಿತು. ಅದಕ್ಕೆ ಪದವಿ ಬೇಡ, ಹೆಚ್ಚಿನ ಕೆಲಸಗಳಿಗೆ ಎನ್4 ಮಟ್ಟದ ಭಾಷೆ ಮತ್ತು ಕೌಶಲ ಪರೀಕ್ಷೆ ಸಾಕು. ಆದರೆ ಅದರಲ್ಲಿ ಏಜೆಂಟನಿಗೆ ಅಷ್ಟು ಲಾಭವಿಲ್ಲ, ಹಾಗಾಗಿ ಅದರ ಬ್ಯಾನರ್ ಕಾಣುವುದಿಲ್ಲ.

ತೊಗರಿಯ ದರಕ್ಕೆ ಮೂರು ಪೇಟೆ ವಿಚಾರಿಸುವ ಜನ ನಾವು. ಮಗನ ಎರಡು ವರ್ಷಕ್ಕೆ ಒಬ್ಬನ ಬಾಯಿಮಾತು ಸಾಕೆಂದು ಹೇಗೆ ಒಪ್ಪಿಕೊಂಡೆವು? ವಿದೇಶ ಎಂದ ಕೂಡಲೇ ಪ್ರಶ್ನೆ ಕೇಳುವುದು ಅಪಶಕುನವೆಂಬಂತೆ ಸುಮ್ಮನಾಗುತ್ತೇವೆ.

ಕಲಿಯುವ ಆಸೆ ಇದ್ದವರು ಖಂಡಿತ ಹೋಗಲಿ, ಎರಡು ವರ್ಷದ ಫೀ ಕೈಯಲ್ಲಿಟ್ಟುಕೊಂಡು ಹೋಗಲಿ. ಪುಣೆಯಲ್ಲಿ, ಬೆಂಗಳೂರಿನಲ್ಲಿ ಜಪಾನಿ ಭಾಷಾ ಪರೀಕ್ಷೆ ನಡೆಯುತ್ತದೆ. ಹೊಲದ ಸಾತ್‌ಬಾರಾ ಉತಾರ ಬ್ಯಾಂಕಿಗೆ ಒಯ್ಯುವ ಮೊದಲು ಮಗನಿಂದ ಅಲ್ಲಿ ಎನ್5, ಸಾಧ್ಯವಾದರೆ ಎನ್4, ಬರೆಸಿರಿ.