ಒಂದೂವರೆ ಇಂಚಿನ ತಗಾದೆ

ಹಳೆಯ ಕಾರನ್ನು ತಗ್ಗಿಸುವ ಮಾತು ಬಂದರೆ ಸಾಮಾನ್ಯವಾಗಿ ಎರಡು ಪಂಗಡ. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವಿನ ಸಂದು ಕಣ್ಣಿಗೆ ಚುಚ್ಚುತ್ತದೆಂದು ಸ್ಪ್ರಿಂಗ್ ಕತ್ತರಿಸಹೊರಡುವವರು ಒಂದು ಕಡೆ. ಕಾರ್ಖಾನೆ ಕೊಟ್ಟ ಎತ್ತರವನ್ನು ಕೂದಲೆಳೆಯಷ್ಟೂ ಮುಟ್ಟಕೂಡದೆನ್ನುವವರು ಇನ್ನೊಂದು ಕಡೆ. ಜಗಳವೆಲ್ಲ ಎತ್ತರದ್ದೇ. ಆದರೆ ಎತ್ತರವೆಂಬುದು ಸ್ಪ್ರಿಂಗಿನ ಬಿಗಿ, ಸಸ್ಪೆನ್ಷನ್ ತೋಳುಗಳ ಕೋನ, ಸ್ಟಿಯರಿಂಗ್ ಕಡ್ಡಿಗಳ ಜಾಗ ಎಲ್ಲ ಕೂಡಿ ಬರುವ ಲೆಕ್ಕದ ಉತ್ತರ. ಲೆಕ್ಕ ಹಾಗೇ ಇಟ್ಟು ಉತ್ತರವನ್ನಷ್ಟೇ ಅಳಿಸಿ ಬರೆದರೆ ಏನಾಗುತ್ತದೆಂಬುದಕ್ಕೆ ಬ್ರಿಟನ್ನಿನ ಎಂಜಿಬಿಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಅಲ್ಲಿ ಆ ಕೆಲಸ ಮಾಡಿದ್ದು ಸ್ವತಃ ಕಾರ್ಖಾನೆ.

1962ರಲ್ಲಿ ಆಬಿಂಗ್ಡನ್ ಕಾರ್ಖಾನೆಯಿಂದ ಹೊರಟ ಈ ಪುಟ್ಟ ಸ್ಪೋರ್ಟ್ಸ್ ಕಾರು ನೆಲಕ್ಕೆ ಅಂಟಿಕೊಂಡಂತೆ ಓಡುತ್ತಿತ್ತು. 1974ರಲ್ಲಿ ಅಮೆರಿಕದ ಬಂಪರ್ ಮತ್ತು ದೀಪದ ಎತ್ತರದ ನಿಯಮಗಳು ಎದುರಾದವು. ಮೂತಿಯನ್ನು ಹೊಸದಾಗಿ ರೂಪಿಸುವ ಖರ್ಚು ಬೇಡವೆಂದು ತಯಾರಕ ಕಂಪನಿ ಬ್ರಿಟಿಷ್ ಲೇಲ್ಯಾಂಡ್ ಭಾರದ ಕಪ್ಪು ಬಂಪರ್ ಜೋಡಿಸಿ, ಇಡೀ ಕಾರನ್ನೇ ಒಂದರಿಂದ ಒಂದೂವರೆ ಇಂಚು ಎತ್ತಿಬಿಟ್ಟಿತು. ಅದೇ ಹೊತ್ತಿಗೆ ಉಳಿತಾಯಕ್ಕೆಂದು, ವಾಲುವುದನ್ನು ತಡೆಯುವ ಮುಂದಿನ ಆಂಟಿ-ರೋಲ್ ಬಾರ್ ಕೂಡ ಹೋಯಿತು. ತಿರುವಿನಲ್ಲಿ ಕಾರು ದೋಣಿಯಂತೆ ವಾಲತೊಡಗಿತು. 1977ರ ಮಾದರಿಯಲ್ಲಿ ಕಂಪನಿ ತಪ್ಪು ತಿದ್ದಿಕೊಂಡ ಬಗೆ ಗಮನಿಸಬೇಕು: ಎತ್ತರ ಇಳಿಸುವ ಹಾಗಿರಲಿಲ್ಲ, ಮುಂದಿನ ಆಂಟಿ-ರೋಲ್ ಬಾರ್ ಮರಳಿಸಿ ಹಿಂದಕ್ಕೂ ಒಂದು ಕೊಟ್ಟಿತು. ಒಂದಿಂಚೂ ತಗ್ಗದೆ ಕಾರು ಬಹುಮಟ್ಟಿಗೆ ಹದಕ್ಕೆ ಬಂತು.

ಹಾಗಾದರೆ ಇಂದು ಅಂಥ ಕಾರಿನ ಒಡೆಯ ಆ ಒಂದೂವರೆ ಇಂಚನ್ನು ವಾಪಸು ಇಳಿಸಬಾರದೇ? ಇಳಿಸಬಹುದು, ಆದರೆ ಎತ್ತಿದ ದಾರಿಯಲ್ಲೇ ಇಳಿಸಬೇಕು. ಮುಂಭಾಗ ಏರಿದ್ದು ಮುಖ್ಯವಾಗಿ ಸಸ್ಪೆನ್ಷನ್ ಹೊತ್ತ ಅಡ್ಡತೊಲೆ, ಅಂದರೆ ಕ್ರಾಸ್‌ಮೆಂಬರ್ ಬದಲಾದದ್ದರಿಂದ. ಅದನ್ನು ಬಿಟ್ಟು ಗಿಡ್ಡ ಸ್ಪ್ರಿಂಗ್ ಹಾಕಿದರೆ ಕೆಳಗಿನ ತೋಳು ಚಕ್ರದ ಕಡೆಗೆ ಮೇಲ್ಮುಖವಾಗಿ ನಿಲ್ಲುತ್ತದೆ. ಆಗ ಬಾಡಿ ವಾಲುವ ಕಲ್ಪಿತ ಕೇಂದ್ರ, ಕಾರಿನ ಭಾರಕೇಂದ್ರಕ್ಕಿಂತ ಹೆಚ್ಚು ಕೆಳಗಿಳಿಯುತ್ತದೆ. ಸ್ಪ್ರಿಂಗಿನ ಬಿಗಿ ಅಷ್ಟೇ ಇದ್ದರೆ ತಗ್ಗಿದ ಕಾರು ಮೊದಲಿಗಿಂತ ಹೆಚ್ಚು ವಾಲಲೂಬಹುದು. ಗ್ರೈಂಡರ್ ಹಿಡಿದು ಸುರುಳಿ ಕತ್ತರಿಸುವುದು ಅಗ್ಗವಲ್ಲವೇ ಎಂದರೆ, ಎಂಟು ಸುತ್ತಿನಲ್ಲಿ ಒಂದು ಹೋದರೆ ಬಿಗಿ ಶೇ 14ರಷ್ಟು ಏರುತ್ತದೆ. ಸ್ಪ್ರಿಂಗ್ ಚಕ್ರಕ್ಕಿಂತ ಒಳಗೆ ಕೂತಿರುವುದರಿಂದ ಅಲ್ಲಿ ಕಳೆದ ಒಂದಿಂಚು ಚಕ್ರದಲ್ಲಿ ಅದಕ್ಕಿಂತ ಬಹಳ ಜಾಸ್ತಿ. ಹಿಂದೆ ಲೀಫ್ ಸ್ಪ್ರಿಂಗಿಗೂ ಆಕ್ಸಲ್‌ಗೂ ನಡುವೆ ಕಬ್ಬಿಣದ ಗಟ್ಟಿ ತುರುಕುವುದು ಇನ್ನೊಂದು ಚಾಳಿ. ಪ್ಲೇಟುಗಳ ಕಮಾನನ್ನೇ ಬಡಿದು ಸರಿಪಡಿಸುವುದು ಇದಕ್ಕಿಂತ ಮೇಲು. ಅಂಬಾಸಿಡರ್ ನೋಡಿಕೊಂಡ ನಮ್ಮ ಗ್ಯಾರೇಜುಗಳಿಗೆ ಅದೇನೂ ಹೊಸ ವಿದ್ಯೆಯಲ್ಲ.

ಮೂಲರೂಪವಾದಿಗಳ ಆಕ್ಷೇಪಕ್ಕೆ ತೂಕವಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡಿಲ್ಲದ ವಾಹನವೇ ವಿಂಟೇಜ್ ಎಂದು ನಮ್ಮ ಕೇಂದ್ರ ಸರ್ಕಾರದ 2021ರ ನಿಯಮವೂ ಹೇಳುತ್ತದೆ. ಆದರೆ ಎಂಜಿಬಿಯ ಮೂಲ ಯಾವುದು, 1962ರದ್ದೋ 1974ರದ್ದೋ? ಇನ್ನು ನಮ್ಮ ಹಂಪುಗಳ ಮೇಲೆ ಹೊಟ್ಟೆ ಉಜ್ಜುತ್ತದೆನ್ನುವವರ ಮಾತು ತೆಗೆದುಹಾಕುವಂಥದ್ದಲ್ಲ. ದಿನಾ ಓಡುವ ಕಾರಾದರೆ ಆ ಒಂದೂವರೆ ಇಂಚು ಇರಲಿ, ದಪ್ಪ ಬಾರ್ ಹಾಕಿದರೆ ಸಾಕು.

ಅದಕ್ಕೂ ಮೊದಲು, ಈಗಿನ ಎತ್ತರ ನಿಜವಾದದ್ದೇ ಎಂದು ನೋಡಬೇಕು. ನೆಲದಿಂದ ಅಳೆದರೆ ಟೈರು ಮೋಸ ಮಾಡುತ್ತದೆ. ಹಬ್‌ನ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ನಾಲ್ಕೂ ಕಡೆ ಟೇಪು ಹಿಡಿಯಬೇಕು. ವರ್ಷಗಟ್ಟಲೆ ಒಬ್ಬನೇ ಓಡಿಸಿದ ಕಾರಿನಲ್ಲಿ ಡ್ರೈವರ್ ಬದಿ ಕುಸಿದಿರುವುದು ಅಪರೂಪವಲ್ಲ. ಹೊಸ ರಬ್ಬರ್ ಬುಷ್ ಹಾಕಿ, ಕಾರು ಜಾಕಿಯ ಮೇಲೆ ನೇತಾಡುತ್ತಿರುವಾಗಲೇ ಬೋಲ್ಟು ಬಿಗಿದರಂತೂ ಕೆಳಗಿಳಿಸಿದೊಡನೆ ರಬ್ಬರ್ ತಿರುಚಿಕೊಂಡು ಕಾರನ್ನು ಮೇಲಕ್ಕೇ ಹಿಡಿದಿಡುತ್ತದೆ, ಬೇಗ ಹರಿದೂ ಹೋಗುತ್ತದೆ. ಬೋಲ್ಟು ಸಡಿಲಿಸಿ, ನಾಲ್ಕೂ ಚಕ್ರದ ಮೇಲೆ ನಿಲ್ಲಿಸಿ, ಒಂದೆರಡು ಬಾರಿ ಒತ್ತಿ ಕುಣಿಸಿ ಮತ್ತೆ ಬಿಗಿದಾಗ, ಕಣ್ಣಿಗೆ ಚುಚ್ಚುತ್ತಿದ್ದ ಸಂದು ಎಷ್ಟೋ ಸಲ ಅಲ್ಲೇ ಕಡಿಮೆಯಾಗಿರುತ್ತದೆ.